ಐದು ಚಪ್ಪಟೆ, ಎರಡು ಚೂಪು

ಹನ್ನೊಂದನೇ ಸಲವೂ ಗಾಡಿ ನೆಟ್ಟಗೆ ನಡೆದುಕೊಂಡಿತು.

ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದೆ. ಹಿಂದಿನ ಚಕ್ರ ನೆಲದಿಂದ ನಾಲ್ಕು ಬೆರಳು ಮೇಲಿತ್ತು. ಎಕ್ಸಿಲರೇಟರ್ ತಿರುಗಿಸಿದರೆ ಸುಂಯ್ ಎಂದು ಸುತ್ತಿತು, ಬಿಟ್ಟರೆ ನಿಧಾನವಾಯಿತು. ಪೂರ್ತಿ ತಿರುಗಿಸಿ ಹಿಡಿದುಕೊಂಡೇ ಬ್ರೇಕ್ ಒತ್ತಿದರೆ ಮೋಟಾರಿಗೆ ಕರೆಂಟು ಕಡಿದು ಚಕ್ರ ನಿಂತಿತು. ಎಡಗೈ ಬ್ರೇಕಿಗೂ ಅಷ್ಟೇ, ಬಲಗೈ ಬ್ರೇಕಿಗೂ ಅಷ್ಟೇ. ಸಾಹೇಬರು ತಪಾಸಣೆಗೆ ಬಂದ ದಿನದ ಶಾಲೆ ಮಕ್ಕಳ ಹಾಗೆ ಕೈಕಟ್ಟಿ ಕೂತಿತ್ತು ಆ ಗಾಡಿ.

"ಸಾಕು ಬಿಡಿ ಮೀಟರಮ್ಮ," ಎಂದ ಹೆಡ್ ಕಾನ್ಸ್‌ಟೇಬಲ್, ನನ್ನ ಅಂಗಡಿಯ ಒಂದೇ ಒಂದು ಒಳ್ಳೆಯ ಕುರ್ಚಿಯಲ್ಲಿ ಕಾಲು ಚಾಚಿಕೊಂಡು. "ಬೆಳಿಗ್ಗೆಯಿಂದ ನೋಡ್ತಾ ಇದೀನಿ. ನನ್ನ ಹೆಂಡತಿನೂ ನನ್ನ ಮಾತು ಇಷ್ಟು ಕೇಳಲ್ಲ."

"ನೀವು ಇಷ್ಟು ಚೆನ್ನಾಗಿ ಹೇಳಿರಲ್ಲ ಬಿಡಿ," ಎಂದೆ.

ನನ್ನ ಹೆಸರು ಮೀಟರಮ್ಮ ಅಲ್ಲ. ಮೂವತ್ತು ವರ್ಷದಿಂದ ಕುತ್ತಿಗೆಗೆ ಮೀಟರ್ ನೇತುಹಾಕಿಕೊಂಡು ಕೆಟ್ಟ ಸಾಮಾನು ರಿಪೇರಿ ಮಾಡುತ್ತಿರುವುದಕ್ಕೆ ಬೀದಿಯವರು ಇಟ್ಟ ಹೆಸರು. ಮೊದಲು ಮಿಕ್ಸಿ, ಆಮೇಲೆ ಫ್ಯಾನು, ಈಗ ಬ್ಯಾಟರಿ ಸ್ಕೂಟರು. ಪೊಲೀಸರು ಕೈಬಿಟ್ಟ ಪ್ರಶ್ನೆಗಳೂ ಆಗಾಗ ಇದೇ ಬಾಗಿಲಿಗೆ ಬರುತ್ತವೆ. ಅವುಗಳಿಗೆ ಬಿಡಿಭಾಗ ಸಿಗುವುದು ಕಷ್ಟ.

ಈ ಗಾಡಿ ಇಪ್ಪತ್ತು ದಿನದ ಹಿಂದೆ, ಬೆಳಿಗ್ಗೆ ಎಂಟು ಗಂಟೆಗೆ, ಒಬ್ಬ ಮನುಷ್ಯನನ್ನು ಅವನ ಮನೆ ಗೋಡೆಗೇ ಅಪ್ಪಳಿಸಿ ಕೊಂದಿತ್ತು. ಹ್ಯಾಂಡಲ್ ಹಿಡಿದಿದ್ದವನು ಸತ್ತವನ ಹೆಂಡತಿಯ ತಮ್ಮ. ಇಪ್ಪತ್ತಾರು ವರ್ಷದ ಟೈಲರ್. "ಗಾಡಿ ತಾನೇ ಓಡ್ತು, ಎರಡೂ ಬ್ರೇಕ್ ಹಿಡಿದೆ, ನಿಲ್ಲಲಿಲ್ಲ" ಎಂದು ಅವತ್ತಿನಿಂದ ಕಸ್ಟಡಿಯಲ್ಲಿ ಅದೊಂದನ್ನೇ ಹೇಳುತ್ತಿದ್ದ. ನಂಬಿದವಳು ಅವನ ಅಕ್ಕ ಒಬ್ಬಳೇ.

ಆ ಅಕ್ಕ ನನ್ನ ಅಂಗಡಿಯ ಮೂಲೆಯಲ್ಲಿ ಹಳೆಯ ಬ್ಯಾಟರಿ ಡಬ್ಬದ ಮೇಲೆ ಕೂತಿದ್ದಳು. ಆಸ್ಪತ್ರೆಯಲ್ಲಿ ಕೆಲಸ, ಬೀದಿಗೆಲ್ಲ ನರ್ಸಕ್ಕ. ಸತ್ತವನು ಗಂಡ, ಒಳಗಿರುವವನು ತಮ್ಮ, ಹೆತ್ತಮ್ಮನೂ ಅದೇ ಮನೆಯಲ್ಲಿ. ಗಂಡ ಮುರಿದ ಎಡಗೈ ಮಣಿಕಟ್ಟು ಸರಿಯಾಗಿ ಕೂಡಿರಲಿಲ್ಲ. ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದಳು.

"ಇನ್ನೊಂದ್ಸಲ ನೋಡ್ತೀರಾ ಮೀಟರಮ್ಮ?" ಎಂದಳು.

"ನೋಡ್ತೀನಿ ತಾಯಿ. ನೋಡೋದಕ್ಕೇನು, ಕಣ್ಣಿದೆ. ಸಿಗಬೇಕಲ್ಲ."

ನರ್ಸಕ್ಕನ ಅರ್ಜಿಗೆ ಠಾಣೆಯ ಸಾಹೇಬರು ಒಂದೇ ಒಂದು ದಿನದ ಖಾಸಗಿ ಪರೀಕ್ಷೆಗೆ ಆರ್ಡರ್ ಕೊಟ್ಟಿದ್ದರು. ಗೋಡೆಯ ಗಡಿಯಾರದಲ್ಲಿ ಎರಡೂಕಾಲು. ಐದಕ್ಕೆ ಟೆಂಪೋ ಬಂದು ಗಾಡಿಯನ್ನು ಠಾಣೆಗೆ ಒಯ್ಯುತ್ತದೆ. ನಾಳೆ ಬೆಳಿಗ್ಗೆ ತಜ್ಞರ ವರದಿ ಕೋರ್ಟಿಗೆ ಹೋಗುತ್ತದೆ. ಅದರಲ್ಲಿ ಇರುವುದು ಒಂದೇ ಸಾಲು: ಗಾಡಿಯಲ್ಲಿ ಯಾವ ದೋಷವೂ ಇಲ್ಲ. ಗಾಡಿಯಲ್ಲಿ ದೋಷ ಇಲ್ಲದಿದ್ದರೆ ದೋಷ ಹುಡುಗನದು. ಅಲ್ಲಿಗೆ ಕೊಲೆ.

ಹೆಡ್ಡು ಬೆರಳು ಮಡಿಸತೊಡಗಿದ. "ಮೂರು ದಿನ ಮುಂಚೆ ನಡುಬೀದಿಲಿ ಭಾವನ ಕಾಲರ್ ಹಿಡಿದಿದಾನೆ. ‘ನಮ್ಮಕ್ಕನ ಮೈ ಇನ್ನೊಂದ್ಸಲ ಮುಟ್ಟು, ನಿನ್ನ ಮುಗಿಸ್ತೀನಿ’ ಅಂದಿದಾನೆ. ಹದಿನಾಲ್ಕು ಜನ ಕೇಳಿದಾರೆ. ಅವರಲ್ಲಿ ಇಬ್ಬರು ಚಪ್ಪಾಳೆನೂ ತಟ್ಟಿದಾರೆ."

"ನೀವಾಗಿದ್ರೆ ಏನಂತಿದ್ರಿ?"

"ನಾನೂ ಅದನ್ನೇ ಅಂತಿದ್ದೆ. ಆದ್ರೆ ಮೂರು ದಿನ ಬಿಟ್ಟು ಗುದ್ದುತಿರಲಿಲ್ಲ."

ಕೋಣನ ಮುಂದೆ ಕಿನ್ನರಿ ಬಾರಿಸುವ ಚಟ ನನಗಿಲ್ಲ. ಮತ್ತೆ ಗಾಡಿಯ ಕಡೆ ತಿರುಗಿದೆ.

ಏನಾಗಿರಬಹುದು ಎಂಬುದು ನನಗೆ ಸುದ್ದಿ ಕೇಳಿದ ದಿನವೇ ಹೊಳೆದಿತ್ತು. ಎಕ್ಸಿಲರೇಟರಿನಿಂದ ಮೂರು ತಂತಿ ಹೊರಡುತ್ತವೆ, ಕೆಂಪು, ಹಸಿರು, ಕಪ್ಪು. ಕೆಂಪು ಕರೆಂಟು ಕೊಡುತ್ತದೆ. ‘ಇಷ್ಟು ವೇಗ ಬೇಕು’ ಎಂದು ಹಸಿರು ಹೇಳುತ್ತದೆ. ಕಪ್ಪು ಅದನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ಕಪ್ಪು ತಂತಿ ಕಡಿದರೆ ಹಸಿರಿಗೆ ಹೇಳುವವರು ಕೇಳುವವರು ಇಲ್ಲ. ಕೈ ಬಿಟ್ಟರೂ ‘ಪೂರ್ತಿ ವೇಗ’ ಎಂದು ಕೂಗುತ್ತದೆ, ಮೋಟಾರು ಓಡುತ್ತದೆ. ಈ ಅಗ್ಗದ ಗಾಡಿಗಳಲ್ಲಿ ಬ್ರೇಕಿನ ಸ್ವಿಚ್ಚಿಗೂ ಅದೇ ಕಪ್ಪು ತಂತಿ. ಅದು ಹೋದರೆ ಬ್ರೇಕ್ ಹಿಡಿದರೂ ಮೋಟಾರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಸವೆದ ಬ್ರೇಕು, ಓಡುವ ಮೋಟಾರು, ಹನ್ನೊಂದು ಹೆಜ್ಜೆ ಉದ್ದದ ಓಣಿ. ಭಾವ ಗೇಟಿನ ಚಿಲಕ ಹಾಕುತ್ತ ನಿಂತಿದ್ದ.

ಟೈಲರ್ ಹೇಳಿದ್ದೂ ಇದಕ್ಕೆ ಸರಿಹೊಂದುತ್ತಿತ್ತು. ಓಣಿಗೆ ಹೊರಳುವಾಗ ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದೆ, ಆಗಲೇ ಗಾಡಿ ನೆಗೆಯಿತು ಎಂದಿದ್ದ. ಹ್ಯಾಂಡಲಿನ ಕತ್ತಿನಲ್ಲಿ ತಂತಿಗಳು ಬಾಗುವ ಜಾಗ ಅದು.

ಆದರೆ ಊಹೆ ಬೇರೆ, ಕಣ್ಣಿಗೆ ಕಾಣಿಸುವುದು ಬೇರೆ. ಬೆಳಿಗ್ಗೆಯಿಂದ ಇನ್ನೂರು ಸಲ ಹ್ಯಾಂಡಲ್ ಎಡಕ್ಕೆ ಬಲಕ್ಕೆ ತಿರುಗಿಸಿದ್ದೆ. ಕೂದಲು ಒಣಗಿಸುವ ಯಂತ್ರ ತಂದು ಕತ್ತಿನ ಭಾಗಕ್ಕೆ ಬಿಸಿಗಾಳಿ ಬಿಟ್ಟಿದ್ದೆ. ನೀರು ಚಿಮುಕಿಸಿದ್ದೆ. ರಬ್ಬರ್ ಸುತ್ತಿಗೆಯಿಂದ ತಟ್ಟಿದ್ದೆ. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ಭುಜ ಹಿಡಿದುಕೊಂಡಿತೇ ಹೊರತು ಗಾಡಿ ಬಾಯಿಬಿಡಲಿಲ್ಲ.

"ಕಪ್ಪು ತಂತಿ ಕತ್ತರಿಸಿ ತೋರಿಸ್ತೀನಿ," ಎಂದೆ. "ಇಲ್ಲೇ, ನಿಮ್ಮ ಕಣ್ಣೆದುರಿಗೇ. ಹೇಗೆ ಓಡತ್ತೆ ನೋಡಿ."

ಹೆಡ್ಡು ನಕ್ಕ. ಕೆಟ್ಟ ನಗೆಯಲ್ಲ, ದಣಿದ ನಗೆ. "ನೀವು ಕತ್ತರಿಸಿದ್ರೆ ಅದು ನೀವು ಕತ್ತರಿಸಿದ ತಂತಿ ಮೀಟರಮ್ಮ. ಅವತ್ತು ಕಡಿದಿತ್ತು ಅನ್ನೋದಕ್ಕೆ ಅದೆಂಗೆ ಸಾಕ್ಷಿ ಆಗತ್ತೆ?"

ಅವನು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ಸಿಟ್ಟು ಬಂತು.

"ಮುಂದಿನ ಮುಚ್ಚಳ ಬಿಚ್ತೀನಿ."

"ಆರ್ಡರಲ್ಲಿ ಏನಿದೆ? ಯಾವ ಭಾಗವನ್ನೂ ಕಳಚದೆ ಪರೀಕ್ಷಿಸತಕ್ಕದ್ದು."

"ಹೊಟ್ಟೆನೋವು ಅಂತ ಬಂದವನಿಗೆ ಅಂಗಿ ಮೇಲಿಂದ್ಲೇ ಔಷಧಿ ಹಚ್ಚಿ ಅಂದಂಗಾಯ್ತು."

ಅರ್ಧ ಗಂಟೆ ಹೀಗೇ ಜಗ್ಗಾಡಿದೆವು. ಅವನು ಸಾಹೇಬರಿಗೆ ಫೋನ್ ಮಾಡಿದ, ಸಾಹೇಬರು ಎತ್ತಲಿಲ್ಲ. ಮತ್ತೆ ಮಾಡಿದ, ‘ಏನಾದ್ರೂ ಮಾಡ್ಕೊಳ್ಳಿ, ಐದಕ್ಕೆ ಗಾಡಿ ಇಲ್ಲಿರಬೇಕು’ ಎಂದು ಬೈದು ಇಟ್ಟರು. ಹೆಡ್ಡಿಗೆ ಆ ಬೈಗುಳವೇ ಅಪ್ಪಣೆಯಾಯಿತು.

"ನಾಲ್ಕು ಸ್ಕ್ರೂ," ಎಂದ. "ಐದನೇದಕ್ಕೆ ಕೈ ಹಾಕಿದ್ರೆ ನನ್ನ ಕೆಲಸ ಹೋಗತ್ತೆ."

ನಾನು ಸ್ಕ್ರೂಡ್ರೈವರ್ ಎತ್ತಿಕೊಂಡಾಗ ನರ್ಸಕ್ಕ ಎದ್ದು ನಿಂತಳು.

"ಅದನ್ನ ಬಿಚ್ಚಲೇಬೇಕಾ?" ಎಂದಳು. "ಬ್ಯಾಟರಿ ಇನ್ನೊಂದ್ಸಲ ನೋಡಿದ್ರೆ? ಇಲ್ಲಾ ಆ ಮೋಟಾರು? ಹಳೇ ಗಾಡಿ, ಮೂರನೇ ಕೈ. ಬೇರೆಲ್ಲಾದ್ರೂ ಕೆಟ್ಟಿರಬಹುದು."

"ಎಲ್ಲ ನೋಡಾಯ್ತು ತಾಯಿ. ಉಳಿದಿರೋದು ಇದೊಂದೇ."

ಅವಳು ಕೂರಲಿಲ್ಲ. ಪಾಪ, ಗಾಬರಿ ಎಂದುಕೊಂಡೆ.

ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ. ಒಳಗೆ ಮೂರು ಒಡೆಯರ ಕಾಲದ ಧೂಳು. ತಂತಿಗಳ ಕಟ್ಟು ಬೂದು ಬಣ್ಣಕ್ಕೆ ತಿರುಗಿತ್ತು. ಒಂದು ಜೇಡ ಅಲ್ಲೇ ಸಂಸಾರ ಹೂಡಿ, ಬಿಟ್ಟೂ ಹೋಗಿತ್ತು. ಟಾರ್ಚ್ ಹಿಡಿದು ಕಟ್ಟಿನ ಗುಂಟ ಬೆಳಕು ಬಿಡುತ್ತ ಹೋದೆ. ಕತ್ತಿನ ಬಾಗು ಬಂತು. ಅಲ್ಲಿ ಬೆಳಕು ನಿಲ್ಲಿಸಿದೆ.

ನಾಲ್ಕು ಬೆರಳಗಲದಷ್ಟು ಜಾಗದಲ್ಲಿ ಧೂಳಿರಲಿಲ್ಲ.

ಯಾರೋ ಬಟ್ಟೆಯಿಂದ ಒರೆಸಿದ್ದರು. ಕಪ್ಪು ತಂತಿಯ ಮೇಲೆ ಹೊಸ ಪ್ಲಾಸ್ಟಿಕ್ ಕೊಳವೆ ಏರಿಸಿದ್ದರು, ಅದರ ಕೆಳಗೆ ಬೆಸುಗೆ ಹಾಕಿದ ಸಣ್ಣ ಉಬ್ಬು ಬೆರಳಿಗೆ ತಾಗಿತು. ಮತ್ತೆ ಎಳೆತ ಬೀಳಬಾರದೆಂದು ತಂತಿಗೆ ಒಂದಿಷ್ಟು ಸಡಿಲ ಬಿಟ್ಟಿದ್ದರು. ಆಮೇಲೆ ಇಡೀ ಕಟ್ಟನ್ನು ಮೇಣ ಹಚ್ಚಿದ ದಾರದಿಂದ ಹೊಲಿದಿದ್ದರು, ಬೆರಳಗಲಕ್ಕೊಂದು ಗಂಟು, ಎಲ್ಲ ಗಂಟೂ ಒಂದೇ ಸಾಲಿನಲ್ಲಿ.

ಕೈಸನ್ನೆ ಮಾಡಿ ಹೆಡ್ಡನ್ನು ಹತ್ತಿರ ಕರೆದೆ.

"ಏನು?" ಎಂದ ಹೆಡ್ಡು.

"ಈ ಗಾಡಿ ಕೆಟ್ಟಿತ್ತು. ಯಾರೋ ಸರಿ ಮಾಡಿದಾರೆ."

"ಯಾವಾಗ?"

"ಗುದ್ದಿದ ಮೇಲೆ. ಈ ದಾರದ ಮೇಲೆ ಒಂದು ಕಣ ಧೂಳಿಲ್ಲ ನೋಡಿ."

ಅವನು ಬಗ್ಗಿ ನೋಡಿದ. ಅವನ ಮುಖದಲ್ಲಿ ನಗೆ ಇರಲಿಲ್ಲ. ಇಪ್ಪತ್ತು ದಿನದಿಂದ ಗಾಡಿ ಇದ್ದದ್ದು ಠಾಣೆಯ ಅಂಗಳದಲ್ಲಿ, ಅವನದೇ ಕಾವಲಿನಲ್ಲಿ.

"ಹಳೇ ಗಾಡಿ," ಎಂದ ಕೊನೆಗೆ. "ಮೊದಲಿನ ಒಡೆಯ ಮಾಡಿಸಿರಬಹುದು ಅಂತ ವಕೀಲರು ಅಂತಾರೆ. ಧೂಳನ್ನ ಕೋರ್ಟಿಗೆ ಹೊತ್ಕೊಂಡು ಹೋಗಕ್ಕಾಗತ್ತಾ? ತಜ್ಞರು ಬಂದು ನೋಡಿ ದೋಷ ಇಲ್ಲ ಅಂತ ಬರೆದಿದಾರೆ, ಸಹಿ ಹಾಕಿದಾರೆ."

ನಾನು ಆ ಗಂಟುಗಳನ್ನೇ ನೋಡುತ್ತಿದ್ದೆ. ಈ ಕಾಲದಲ್ಲಿ ತಂತಿ ಕಟ್ಟುವವರೆಲ್ಲ ಪ್ಲಾಸ್ಟಿಕ್ ಪಟ್ಟಿ ಎಳೆದು ಚಟ್ ಎನ್ನಿಸಿ ಕತ್ತರಿಸುತ್ತಾರೆ. ಮೇಣದ ದಾರದಲ್ಲಿ ಹೊಲಿಯುವುದು ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನವರ ಪದ್ಧತಿ. ಈ ಊರಿನಲ್ಲಿ ಆ ಗಂಟು ಹಾಕಬಲ್ಲವರು ಇಬ್ಬರೇ. ಒಬ್ಬಳು ನಾನು, ನಾನು ಹಾಕಿರಲಿಲ್ಲ. ಇನ್ನೊಬ್ಬರು ನನಗೆ ಕಲಿಸಿದವರು, ಎಕ್ಸ್‌ಚೇಂಜ್ ಮೇಷ್ಟ್ರು.

ವರದಿಗೆ ಸಹಿ ಹಾಕಿದ ತಜ್ಞರೂ ಅವರೇ.

"ಟೆಂಪೋ ಬರೋದರೊಳಗೆ ಬರ್ತೀನಿ," ಎಂದು ಮೀಟರನ್ನು ಕುತ್ತಿಗೆಯಿಂದ ತೆಗೆದಿಟ್ಟೆ.

"ಎಲ್ಲಿಗೆ?" ಎಂದಳು ನರ್ಸಕ್ಕ.

"ಮೇಷ್ಟ್ರ ಹತ್ತಿರ."

"ಬೇಡ ಮೀಟರಮ್ಮ. ವಯಸ್ಸಾದವರು. ಅವರನ್ನ ಯಾಕೆ…"

ಉಳಿದದ್ದು ಕೇಳಿಸಿಕೊಳ್ಳಲಿಲ್ಲ. ಆಗ ಕೇಳಿಸಿಕೊಂಡಿದ್ದರೆ ಚೆನ್ನಾಗಿತ್ತು.

ಮೇಷ್ಟ್ರ ಕೋಣೆ ಎರಡು ಬೀದಿ ಆಚೆ, ಇಸ್ತ್ರಿ ಅಂಗಡಿಯ ಮಹಡಿಯಲ್ಲಿ. ಕಿರಿದಾದ ಮೆಟ್ಟಿಲಿನ ತುಂಬ ಬಿಸಿ ಬಟ್ಟೆಯ ವಾಸನೆ. ಹೆಂಗಸಿನ ಕೈಗೆ ಬೆಸುಗೆ ಕಡ್ಡಿ ಕೊಡಲು ಯಾವನೂ ಒಪ್ಪದ ಕಾಲದಲ್ಲಿ ನನ್ನನ್ನು ಈ ಮೆಟ್ಟಿಲು ಹತ್ತಿಸಿದವರು ಅವರು. ಪೊಲೀಸರಿಗೆ ಬ್ಯಾಟರಿ ಗಾಡಿ ಅಂದರೆ ಕರೆಂಟು, ಕರೆಂಟು ಅಂದರೆ ಮೇಷ್ಟ್ರು. ಎಪ್ಪತ್ತನಾಲ್ಕು ವರ್ಷವಾದರೂ ಹೇಳಿ ಕಳಿಸಿದರೆ ಪೆಟ್ಟಿಗೆ ಎತ್ತಿಕೊಂಡು ಹೋಗುತ್ತಿದ್ದರು.

ಅವರು ಕಿಟಕಿಯ ಬಳಿ ಕೂತು ಯಾರದೋ ಮೇಜಿನ ದೀಪದ ಸ್ವಿಚ್ ಬಿಚ್ಚಿಕೊಂಡಿದ್ದರು.

"ಬಾಗಿಲು ಮುಂದೆ ಮಾಡು," ಎಂದರು, ತಲೆ ಎತ್ತದೆ. "ಗಾಳಿಗೆ ಸ್ಪ್ರಿಂಗ್ ಹಾರತ್ತೆ."

ಬಾಗಿಲು ಮುಂದೆ ಮಾಡಿದೆ. ಕೂರಲಿಲ್ಲ.

"ಟೈಲರ್ ಗುದ್ದಿದ ಗಾಡಿ ಬಿಚ್ಚಿದ್ದೆ ಮೇಷ್ಟ್ರೇ. ಮೇಣದ ದಾರ ನೋಡ್ದೆ."

ಅವರ ಕೈ ನಿಂತಿತು.

"ಗಂಟು ಬಿಗಿಯಾಗಿತ್ತಾ?" ಎಂದರು.

"ಬಿಗಿಯಾಗಿತ್ತು."

"ಕಣ್ಣು ಮೊದಲಿನ ಹಾಗಿಲ್ಲ. ಬರೀ ಕೈಯಳತೆ ಮೇಲೆ ಹಾಕಿದ್ದು."

ನನಗೆ ಮೈಯೆಲ್ಲ ಉರಿದುಹೋಯಿತು. "ಒಬ್ಬ ಹುಡುಗ ಜೈಲಿಗೆ ಹೋಗ್ತಾ ಇದಾನೆ. ನೀವು ಗಂಟಿನ ವಿಷಯ ಕೇಳ್ತೀರಲ್ಲ! ‘ದೋಷ ಇಲ್ಲ’ ಅಂತ ಹೇಗೆ ಬರೆದ್ರಿ?"

"ಬರೀವಾಗ ಇರಲಿಲ್ಲ."

"ಮೇಷ್ಟ್ರೇ."

"ಸುಳ್ಳು ಬರೆದಿಲ್ಲ ಮಗಳೇ. ಕೆಟ್ಟಿತ್ತು, ಸರಿ ಮಾಡ್ದೆ. ಆಮೇಲೆ ಪರೀಕ್ಷೆ ಮಾಡ್ದೆ. ದೋಷ ಇರಲಿಲ್ಲ."

"ಅವರು ಕೇಳಿದ್ದು ಗಾಡಿ ಹೇಗಿತ್ತು ಅಂತ! ಹೇಗಿದೆ ಅಂತ ಅಲ್ಲ! ರಿಪೇರಿ ಮಾಡಿ ಅಂತ ನಿಮಗೆ ಹೇಳಿದವರು ಯಾರು?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದ ಅವರ ಮುಖವನ್ನು ನಾನು ಹೆಚ್ಚು ನೋಡಿರಲಿಲ್ಲ. ತುಂಬ ಮುದುಕರಾಗಿದ್ದರು.

"ಯಾರೂ ಹೇಳಲಿಲ್ಲ," ಎಂದರು. "ಮುಚ್ಚಳ ತೆಗೆದೆ. ಕಪ್ಪು ತಂತಿ ಕಡಿದು ಎರಡು ತುದಿ ಹೊರಗೆ ಚಾಚಿತ್ತು. ಪೆಟ್ಟಿಗೆ ಪಕ್ಕದಲ್ಲೇ ಇತ್ತು. ಐವತ್ತು ವರ್ಷ, ಮುರಿದದ್ದನ್ನ ಮುರಿದ ಹಾಗೇ ಬಿಟ್ಟು ಎದ್ದು ಬಂದವನಲ್ಲ ನಾನು. ಕೈ ತಾನಾಗೇ ಹೋಯ್ತು. ಕೆಟ್ಟ ತುಂಡು ಕತ್ತರಿಸಿ ತೆಗೆದೆ, ಹೊಸ ತಂತಿ ಸೇರಿಸ್ದೆ, ಕೊಳವೆ ಏರಿಸ್ದೆ, ದಾರ ಕಟ್ಟಿದೆ. ಕೊನೇ ಗಂಟು ಹಾಕಿ ತುದಿ ಕತ್ತರಿಸುವಾಗ ನೆನಪಾಯ್ತು, ನನ್ನನ್ನ ಕರೆದದ್ದು ಯಾತಕ್ಕೆ ಅಂತ."

ಕೆಳಗೆ ಇಸ್ತ್ರಿ ಪೆಟ್ಟಿಗೆಯನ್ನು ಮೇಜಿಗೆ ಕುಕ್ಕಿದ ಸದ್ದು ಕೇಳಿತು.

"ಆಗಲೇ ಹೇಳಬಹುದಿತ್ತಲ್ಲ."

"ಹೇಳಬಹುದಿತ್ತು." ಸ್ವಿಚ್ಚನ್ನು ಆಚೆ ಸರಿಸಿದರು. "ಆ ಹೆಡ್ಡು ಟೀ ಕುಡಿಯೋಕೆ ಹೋಗಿದ್ದ. ವಾಪಸ್ ಬಂದು ‘ಏನು ಮೇಷ್ಟ್ರೇ, ಮುಗೀತಾ, ಗಾಡಿ ಸರಿ ಇದೆಯಾ’ ಅಂದ. ಸರಿ ಇದೆ ಅಂದುಬಿಟ್ಟೆ. ಮರ್ಯಾದೆ ಹೋಗತ್ತೆ ಅನ್ನಿಸ್ತು. ಮುದುಕನಿಗೆ ತಲೆ ಕೆಟ್ಟಿದೆ ಅಂತಾರೆ, ಇನ್ಮೇಲೆ ಯಾರೂ ಕರೆಯಲ್ಲ ಅನ್ನಿಸ್ತು. ನಾಲ್ಕು ದಿನ ಆಯ್ತು, ಕಣ್ಣು ಮುಚ್ಚಿದ್ರೆ ಆ ತಂತಿನೇ ಕಾಣತ್ತೆ."

ನನಗೆ ಅವರನ್ನು ಬೈಯಬೇಕೆನಿಸಿತು, ಅಪ್ಪಿಕೊಂಡು ಅಳಬೇಕೆಂದೂ ಅನಿಸಿತು. ಎರಡೂ ಮಾಡಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಅದೂ ಹಸಿವಿಗಲ್ಲ, ಅಭ್ಯಾಸಕ್ಕೆ ಮೇಯ್ದರೆ?

"ಕೋರ್ಟಿಗೆ ಬಂದು ಇದನ್ನೇ ಹೇಳ್ತೀರಾ?"

"ಹೇಳ್ತೀನಿ. ನಂಬ್ತಾರಾ? ಒಂದ್ಸಲ ದೋಷ ಇಲ್ಲ ಅಂತ ಬರೆದವನು, ಈಗ ಇತ್ತು ಅಂತಾನೆ. ಹುಡುಗನ ಮನೆಯವರು ಏನೋ ಕೊಟ್ಟಿದಾರೆ ಅಂತಾರೆ."

"ಅಂತಾರೆ," ಎಂದು ಒಪ್ಪಿಕೊಂಡೆ. ಸುಳ್ಳು ಸಮಾಧಾನ ಹೇಳಿ ಅಭ್ಯಾಸವಿಲ್ಲ.

ಅವರು ಸ್ವಿಚ್ಚಿನ ಸ್ಪ್ರಿಂಗನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದರು. ಆಮೇಲೆ ನನ್ನ ಕಡೆ ನೋಡದೆ, "ಅದು ಸವೆದು ಕಡಿದದ್ದಲ್ಲ" ಎಂದರು.

"ಏನು?"

"ಆ ಕಪ್ಪು ತಂತಿ. ಒಳಗೆ ಏಳು ಎಳೆ ಇತ್ತು. ಭೂತಗನ್ನಡಿ ಹಿಡಿದು ನೋಡ್ದೆ. ಐದು ಎಳೆಯ ತುದಿ ಚಪ್ಪಟೆ, ಎರಡರ ತುದಿ ಚೂಪು. ಅರ್ಥ ಆಯ್ತಾ?"

ಅರ್ಥವಾಯಿತು. ಇವರೇ ಕಲಿಸಿದ್ದಲ್ಲವೇ. ಎಳೆದು ಹರಿದ ತಾಮ್ರದ ಎಳೆ ತುದಿಯಲ್ಲಿ ಸಣ್ಣಗಾಗಿ ಚೂಪಾಗುತ್ತದೆ. ಲೋಹದ ಅಲಗು ತಾಗಿ ತುಂಡಾದ ಎಳೆ ಚಪ್ಪಟೆಯಾಗುತ್ತದೆ. ಯಾರೋ ಕೊಯ್ದಿದ್ದರು. ಏಳರಲ್ಲಿ ಐದು ಎಳೆ ಕೊಯ್ದು, ಎರಡು ಉಳಿದದ್ದು ತಿಳಿಯದೆ ಕೈ ತೆಗೆದಿದ್ದರು. ಆ ಎರಡು ಎಳೆಯ ಮೇಲೆ ಗಾಡಿ ಹೊರಟಿದೆ, ಹೋದ ಕೆಲಸ ಮುಗಿಸಿ ಬಂದಿದೆ, ಓಣಿಯ ತಿರುವಿನಲ್ಲಿ ಹ್ಯಾಂಡಲ್ ಪೂರ್ತಿ ಎಡಕ್ಕೆ ಹೊರಳಿದಾಗ ಅವೂ ಹರಿದಿವೆ.

ನನ್ನ ತಲೆ ಓಡತೊಡಗಿತು. ಗಾಡಿ ದಿನವೂ ಓಡಿಸುತ್ತಿದ್ದವನು ಭಾವ, ಗೋಡೌನಿನ ಕೆಲಸಕ್ಕೆ ಹೋಗಿಬರಲು. ಅವತ್ತು ಅವನಿಗೆ ರಜ. ಹೊಲಿದ ಬಟ್ಟೆಯ ಗಂಟು ಕೊಟ್ಟುಬರಲು ಟೈಲರ್ ಕೇಳಿ ಪಡೆದುಕೊಂಡಿದ್ದ. ಕೊಯ್ದದ್ದು ಭಾವನಿಗಾಗಿ, ಹತ್ತಿದವನು ಮೈದುನ. ತಾನೇ ಕೊಯ್ದ ಗಾಡಿಯನ್ನು ಯಾವ ಹುಚ್ಚ ತಾನೇ ಹತ್ತುತ್ತಾನೆ? ಹುಡುಗ ನಿರಪರಾಧಿ. ಬೆಳಿಗ್ಗೆಯಿಂದ ಮೊದಲ ಸಲ ಉಸಿರು ಸರಾಗವಾಯಿತು.

"ಆ ತುಂಡು ಎಲ್ಲಿ ಮೇಷ್ಟ್ರೇ?"

"ಯಾವ ತುಂಡು?"

"ಕತ್ತರಿಸಿ ತೆಗೆದದ್ದು! ಅದಿದ್ರೆ ನಿಮ್ಮ ಮಾತು ಬೇಡ, ನನ್ನ ಮಾತೂ ಬೇಡ. ಆ ತುದಿಗಳೇ ಮಾತಾಡ್ತವೆ. ಎಸೆದ್ರಾ?"

ಅವರಿಗೆ ಅವಮಾನವಾದ ಹಾಗೆ ಕಂಡಿತು. "ಬಿಚ್ಚಿದ ಸಾಮಾನನ್ನ ಎಸೆಯೋದನ್ನ ನಾನು ಯಾವತ್ತು ಕಲಿಸಿದೀನಿ ನಿನಗೆ? ಹಳೇದನ್ನ ಗಿರಾಕಿ ಕೈಗೆ ಕೊಡಬೇಕು. ಏನು ತೆಗೆದ್ರು ಅಂತ ಅವರಿಗೆ ಗೊತ್ತಾಗಬೇಕು. ಕಾಗದದಲ್ಲಿ ಸುತ್ತಿ ಕೊಟ್ಟೆ."

"ಯಾರ ಕೈಗೆ?"

"ಗಾಡಿಯವರ ಕೈಗೆ. ಬ್ಯಾಟರಿ ಪೆಟ್ಟಿಗೆ ಕೀ ತಂದುಕೊಟ್ಟು ಅಲ್ಲೇ ನಿಂತಿದ್ಲಲ್ಲ ಹೆಣ್ಣುಮಗಳು, ಕೈ ಊನ ಇರೋಳು. ‘ಇಲ್ಲಿ ಯಾರೋ ಕೊಯ್ದಿದಾರಮ್ಮ, ಹುಷಾರು’ ಅಂತ ಹೇಳಿನೇ ಕೊಟ್ಟೆ."

ನಾನು ಮೆಟ್ಟಿಲಿಳಿದದ್ದು ಹೇಗೋ ನೆನಪಿಲ್ಲ.

ಅಂಗಡಿ ಮುಟ್ಟುವಾಗ ಐದಕ್ಕೆ ಹತ್ತು ನಿಮಿಷ. ಟೆಂಪೋ ಹಿಂಬದಿ ಮಾಡಿ ನಿಂತಿತ್ತು. ಇಬ್ಬರು ಗಾಡಿಯನ್ನು ಹಲಗೆಯ ಮೇಲೆ ನೂಕಿ ಹತ್ತಿಸುತ್ತಿದ್ದರು. ಹೆಡ್ಡು ಹಗ್ಗ ಹಿಡಿದು ‘ಎಡಕ್ಕೆ, ಎಡಕ್ಕೆ’ ಎನ್ನುತ್ತಿದ್ದ. ನರ್ಸಕ್ಕ ಅಂಗಡಿಯ ಒಳಗೆ ಅದೇ ಡಬ್ಬದ ಪಕ್ಕ ನಿಂತಿದ್ದಳು.

ಅವಳ ಹತ್ತಿರ ಹೋಗಿ ದನಿ ತಗ್ಗಿಸಿದೆ. "ತುಂಡು ಎಲ್ಲಿ?"

ಅವಳು ಯಾವ ತುಂಡು ಎಂದು ಕೇಳಲಿಲ್ಲ. ಪರ್ಸಿನ ಒಳಜೇಬಿನಿಂದ ಕಾಗದದ ಸಣ್ಣ ಪೊಟ್ಟಣ ತೆಗೆದಳು. ಮಡಿಕೆಗಳು ಮೆತ್ತಗಾಗಿದ್ದವು. ನಾಲ್ಕು ದಿನದಲ್ಲಿ ಎಷ್ಟು ಸಲ ಬಿಚ್ಚಿ ಮಡಿಸಿದ್ದಳೋ.

"ಇದು ನಿನ್ನ ಹತ್ತಿರ ಇಟ್ಕೊಂಡು, ನನ್ನಿಂದ ಬೆಳಿಗ್ಗೆಯಿಂದ ಈ ನಾಟಕ ಆಡಿಸಿದೆಯಾ? ನಿನ್ನ ತಮ್ಮ ಅಲ್ಲಿ ಸಾಯ್ತಾ ಇದಾನೆ ಕಣೇ!"

"ನಾಟಕ ಅಲ್ಲ ಮೀಟರಮ್ಮ." ಅವಳ ಕಣ್ಣಲ್ಲಿ ನೀರಿರಲಿಲ್ಲ. ಅಳುವ ಹಂತ ದಾಟಿ ಬಂದವಳ ಮುಖ ಅದು. "ಬೇರೆ ಏನಾದ್ರೂ ಸಿಗತ್ತೇನೋ ಅಂತ ಬಂದೆ. ಬ್ಯಾಟರಿಲಿ, ಮೋಟಾರಲ್ಲಿ, ಎಲ್ಲಾದ್ರೂ. ನೀವು ಬುದ್ಧಿವಂತರು, ಇದೊಂದು ಬಿಟ್ಟು ಬೇರೆ ಏನಾದ್ರೂ ಹುಡುಕಿಕೊಡ್ತೀರಾ ಅಂತ."

"ಯಾಕೆ? ಯಾರು ಕೊಯ್ದದ್ದು?"

ಅವಳು ಬೀದಿಯ ಕಡೆ ನೋಡಿದಳು. ಹಗ್ಗ ಕಟ್ಟುವ ಗದ್ದಲದಲ್ಲಿ ನಮ್ಮ ಮಾತು ಯಾರಿಗೂ ಕೇಳುವಂತಿರಲಿಲ್ಲ.

"ಅಮ್ಮ," ಎಂದಳು.

ನಾನು ಬೀದಿಗೆ ಬೆನ್ನು ಮಾಡಿ ಅವಳಿಗೆ ಅಡ್ಡ ನಿಂತೆ.

"ಬ್ರೇಕಿನ ತಂತಿ ಅಂದ್ಕೊಂಡು ಕೊಯ್ದಳಂತೆ. ತರಕಾರಿ ಚಾಕೂಲಿ. ಹ್ಯಾಂಡಲ್ ಕೆಳಗಿನ ಸಂದಿಗೆ ಕೈ ಹಾಕಿ, ಸಿಕ್ಕಿದ್ದನ್ನ. ಸಾಯಿಸೋಕಲ್ಲ ಮೀಟರಮ್ಮ. ಅವರು ಬಿದ್ದು ಕಾಲು ಮುರ್ಕೊಂಡು ನಾಲ್ಕು ತಿಂಗಳು ಮಂಚ ಹಿಡಿದ್ರೆ, ನಾಲ್ಕು ತಿಂಗಳು ನನಗೆ ಏಟು ತಪ್ಪತ್ತಲ್ಲ ಅಂತ. ತಮ್ಮ ಗಾಡಿ ತಗೊಂಡು ಹೋಗಿದ್ದು ಅವಳಿಗೆ ಗೊತ್ತೇ ಆಗಿಲ್ಲ, ಬಟ್ಟೆ ಒಗೀತಾ ಇದ್ಲು."

"ನಿನಗೆ ಯಾವಾಗ ಹೇಳಿದ್ಲು?"

"ವರದಿ ಆದ ದಿನ ಸಾಯಂಕಾಲ. ‘ಬ್ರೇಕೆಲ್ಲ ಸರಿಯಾಗೇ ಇದೆಯಂತೆ’ ಅಂತ ಅವಳಿಗೆ ಹೇಳ್ದೆ. ಆಗ ಬಾಯಿಬಿಟ್ಲು. ‘ಸದ್ಯ, ನಾನು ಕೊಯ್ದಿದ್ದು ತಾಗಿಲ್ಲ, ನನ್ನಿಂದ ಆಗಿದ್ದಲ್ಲ’ ಅಂದ್ಲು." ಅವಳು ಉಸಿರು ಎಳೆದುಕೊಂಡಳು. "ಆಮೇಲೆ ಅತ್ಲು. ಹಾಗಾದ್ರೆ ನನ್ನ ಮಗ ಬೇಕಂತಲೇ ಗುದ್ದಿದಾನೆ, ನಾನು ಹೆತ್ತವನು ಕೊಲೆಗಾರ ಅಂತ ಎದೆ ಬಡ್ಕೊಂಡು ಅತ್ಲು. ನನ್ನ ಪರ್ಸಲ್ಲಿ ಈ ತುಂಡು ಇತ್ತು. ನಾನು ಬಾಯಿ ಬಿಡಲಿಲ್ಲ."

ಅತ್ತ ದರಿ, ಇತ್ತ ಪುಲಿ ಎನ್ನುತ್ತಾರೆ. ದರಿಗೂ ಪುಲಿಗೂ ನಡುವೆ ಒಂದು ದಾರಿ ಇರುತ್ತದೆ, ಓಡಬಹುದು. ಈ ಹೆಣ್ಣಿಗೆ ಎತ್ತ ಓಡಲೂ ಜಾಗವಿರಲಿಲ್ಲ.

"ಇದನ್ನ ಕೊಟ್ರೆ ತಮ್ಮ ಮನೆಗೆ ಬರ್ತಾನೆ, ಅಮ್ಮ ಹೋಗ್ತಾಳೆ," ಎಂದಳು. "ಕೊಡದಿದ್ರೆ ತಮ್ಮ ಹೋಗ್ತಾನೆ. ಆಸ್ಪತ್ರೆಲಿ ಎಷ್ಟೋ ಜನರ ಕೈ ಹಿಡ್ಕೊಂಡು ಧೈರ್ಯ ಹೇಳಿದೀನಿ. ನನಗೆ ಯಾರಾದ್ರೂ ಹೇಳ್ತಾರಾ ಅಂತ ನಾಲ್ಕು ದಿನದಿಂದ ಕಾಯ್ತಾ ಇದೀನಿ. ನನ್ನ ಕೈಲಿ ಆಗಲ್ಲ ಮೀಟರಮ್ಮ. ನೀವು ಇಟ್ಕೊಳ್ಳಿ."

ಪೊಟ್ಟಣವನ್ನು ನನ್ನ ಎಡ ಅಂಗೈಯಲ್ಲಿಟ್ಟು, ಊನವಾದ ಕೈಯಿಂದಲೇ ನನ್ನ ಬೆರಳುಗಳನ್ನು ಮಡಿಸಿದಳು.

"ಏನ್ ಮೀಟರಮ್ಮ, ಮೇಷ್ಟ್ರು ಏನಂದ್ರು?" ಎನ್ನುತ್ತ ಹೆಡ್ಡು ರಿಜಿಸ್ಟರ್ ಹಿಡಿದು ಒಳಗೆ ಬಂದ. "ಇಲ್ಲೊಂದು ಸಾಲು ತುಂಬಬೇಕು. ‘ಖಾಸಗಿ ಪರೀಕ್ಷೆಯಲ್ಲಿ ಕಂಡುಬಂದ ದೋಷ.’ ಇದ್ರೆ ಇದೆ ಅಂತ ಬರೀರಿ. ಇಲ್ಲದಿದ್ರೆ ಇಲ್ಲ ಅಂತ ಬರೆದು ಸಹಿ ಹಾಕಿ. ಸಾಹೇಬ್ರು ಆಗಲೇ ಎರಡ್ಸಲ ಫೋನ್ ಮಾಡಿದ್ರು."

ಅವನ ಹಿಂದೆಯೇ, ಟೆಂಪೋ ಮತ್ತು ಬಾಗಿಲ ನಡುವಿನ ಸಂದಿನಲ್ಲಿ, ಒಬ್ಬ ಮುದುಕಿ ಬಂದು ನಿಂತಳು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ಸಣ್ಣ ಆಳು, ಬಾಚದ ತಲೆ, ಓಡಿ ಬಂದದ್ದಕ್ಕೆ ಏದುಸಿರು. ಒಂದು ಕೈ ಚೌಕಟ್ಟು ಹಿಡಿದಿತ್ತು. ನರ್ಸಕ್ಕನ ಮುಖ ಸುಣ್ಣದ ಗೋಡೆಯಂತಾಯಿತು.

"ಅಮ್ಮ, ನೀನ್ಯಾಕೆ ಬಂದೆ?"

ಮುದುಕಿ ಮಗಳನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಐದಕ್ಕೆ ಗೊತ್ತಾಗತ್ತೆ ಅಂದಿದ್ರು," ಎಂದಳು. "ಏನಾದ್ರೂ ಸಿಕ್ತಾ ತಾಯಿ? ಏನಾದ್ರೂ ಒಂದು? ನನ್ನ ಮಗ ಬೇಕಂತ ಮಾಡಿಲ್ಲ, ಗಾಡಿನೇ ಕೆಟ್ಟಿತ್ತು ಅಂತ ಒಂದು ಮಾತು ಹೇಳಿ. ನಿಮ್ಮ ಕಾಲಿಗೆ ಬೀಳ್ತೀನಿ. ಆಮೇಲೆ ನಾನು ಸತ್ರೂ ಚಿಂತೆ ಇಲ್ಲ."

ಹೆಡ್ಡು ಪೆನ್ನಿನ ಮುಚ್ಚಳ ತೆಗೆದು ನನ್ನ ಬಲಗೈಗೆ ಕೊಟ್ಟ.